ಆರೋಕೆ ಪುರುಸೊತ್ತಿಲ್ಲದ ಪಿಕ್ಸೆಲ್

ಮೈಸೂರು, 18 ಏಪ್ರಿಲ್ 2024, ಗುರುವಾರ

ಮೂರು ದಿನದಿಂದ ನನ್ನ ಬೆನ್ನು ನಾನೇ ತಟ್ಟಿಕೊಂಡು ಓಡಾಡ್ತಿದ್ದೆ. ಇವತ್ತು ಹನ್ನೊಂದರ ಕಾಫಿ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗಿ ಒಂದೇ ಪ್ರಶ್ನೆ ಕೇಳಿ ನೆಲಕ್ಕಿಳಿಸಿದಳು.

ಕೆಲಸ ಅದೇ, ಶಾಖ ನೋಡೋ ಕ್ಯಾಮೆರಾ ಚಿಪ್ಪಿನ ರೀಡ್‌ಔಟ್ ಸರ್ಕ್ಯೂಟ್, ಅಂದ್ರೆ ಪಿಕ್ಸೆಲ್ಲುಗಳನ್ನ ಓದೋ ಸರ್ಕ್ಯೂಟ್. ತಣ್ಣಗಿಡೋ ಕೂಲರ್ ಇಲ್ಲದ ಬಗೆ ಇದು. ನಿರ್ವಾತದಲ್ಲಿ ಎರಡು ಸಣಕಲು ಕಾಲಿನ ಮೇಲೆ ನಿಂತ ವೆನೇಡಿಯಂ ಆಕ್ಸೈಡಿನ ತೆಳು ಹಾಳೆಯೇ ಒಂದು ಪಿಕ್ಸೆಲ್. ಎದುರಿನ ವಸ್ತು 1 ಡಿಗ್ರಿ ಬಿಸಿಯಾದರೆ ಹಾಳೆಗೆ ತಾಕೋದು ಡಿಗ್ರಿಯ ನೂರರಲ್ಲೊಂದು ಪಾಲು, ಅಷ್ಟೇ. ಡಿಗ್ರಿಗೆ ರೆಸಿಸ್ಟೆನ್ಸ್ ಇಳಿಯೋದು ಶೇ. 2ರಷ್ಟು. ಹಾಗಾಗಿ 15 ಮೈಕ್ರೋಆಂಪ್ ಹರಿಸಿ ಅದರಲ್ಲಿ 3 ನ್ಯಾನೋಆಂಪ್ ಹುಡುಕಬೇಕು. ಮಂಡ್ಯದಲ್ಲಿ ಅಪ್ಪನ ಜೊತೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ವೇಬ್ರಿಡ್ಜಿಗೆ ಹೋಗ್ತಿದ್ದದ್ದು ನೆನಪಾಗುತ್ತೆ. ಹತ್ತು ಟನ್ ಲೋಡಿನಲ್ಲಿ ಒಂದು ಜಲ್ಲೆ ಹೆಚ್ಚೋ ಕಮ್ಮಿಯೋ ಅಂತ ಅಲ್ಲೇ ಹೇಳು ಅಂದ ಹಾಗೆ.

ಸಾಲದ್ದಕ್ಕೆ, ಓದೋಕೆ ಅಂತ ಕೊಡೋ ಕರೆಂಟೇ ಪಿಕ್ಸೆಲ್ಲನ್ನ ಕಾಯಿಸುತ್ತೆ. 60 ಮೈಕ್ರೋಸೆಕೆಂಡಿನಲ್ಲಿ ಎರಡೂವರೆ ಡಿಗ್ರಿ! ನೋಡಬೇಕಾದ ಬಿಸಿಗಿಂತ ನೋಡುವವನ ಬಿಸಿಯೇ ಇನ್ನೂರೈವತ್ತು ಪಟ್ಟು. ಅದಕ್ಕೇ ವೇಬ್ರಿಡ್ಜಿನಲ್ಲಿ ಟೇರ್, ಅಂದ್ರೆ ಖಾಲಿ ಗಾಡಿಯ ತೂಕ ಕಳೆಯೋ ಹಾಗೆ, ಹೊರಗಿನ ಶಾಖ ಕಾಣದ ಒಂದು ಬ್ಲೈಂಡ್ ಪಿಕ್ಸೆಲ್ಲನ್ನ ಪ್ರತಿ ಕಾಲಮ್ಮಿಗೂ ಇಟ್ಟು, ಅದರ ಕರೆಂಟ್ ಕಳೆದು, ಉಳಿದದ್ದನ್ನ ಮಾತ್ರ ಕೆಪಾಸಿಟರಿಗೆ ತುಂಬೋದು. ಸಾಮಾನ್ಯವಾಗಿ ಈ ಬ್ಲೈಂಡನ್ನ ಸಿಲಿಕಾನಿಗೆ ಅಂಟಿಸಿ ತಣ್ಣಗೇ ಇಡ್ತಾರೆ. ನನ್ನ ಜಾಣತನ ಏನಪ್ಪಾ ಅಂದ್ರೆ, ಅದನ್ನೂ ಕಾಲಿನ ಮೇಲೆ ನಿಲ್ಲಿಸಿದರೆ ಎರಡೂ ಒಂದೇ ಸಮ ಕಾಯ್ತವೆ, ಕಳೆದರೆ ಸೊನ್ನೆ. ಸಿಮ್ಯುಲೇಶನ್ನಿನಲ್ಲಿ ಗೆರೆ ಎಷ್ಟು ನೇರ ಬಂತು ಅಂತೀರಿ, ಸ್ಕೇಲಿಟ್ಟು ಎಳೆದ ಹಾಗೆ.

"ಸರ್, ಆ ಬ್ಲೈಂಡ್‌ಗೆ ಆರೋಕೆ ಟೈಮ್ ಎಲ್ಲಿದೆ?" ಅಂದಳು.

ಲೋಟ ಕೆಳಗಿಟ್ಟೆ. ಮಾಮೂಲಿ ಪಿಕ್ಸೆಲ್ಲಿನ ಸರದಿ ಫ್ರೇಮಿಗೊಮ್ಮೆ, 33 ಮಿಲಿಸೆಕೆಂಡಿಗೆ ಒಂದು ಸಲ. ಆರೋಕೆ 10 ಮಿಲಿಸೆಕೆಂಡಿನ ಲೆಕ್ಕ ಹಿಡಿದರೂ ಧಾರಾಳ. ಆದರೆ ಕಾಲಮ್ಮಿನ ಬ್ಲೈಂಡ್ ಒಂದೇ, ಸಾಲು 480. ಒಂದು ಸಾಲು ಮುಗಿಯೋದರೊಳಗೆ ಇನ್ನೊಂದು ಬಂದು ನಿಂತಿರುತ್ತೆ. ನಾನು ಓಡಿಸಿದ್ದು ಒಂದೇ ಸಾಲು! ಮತ್ತೆ ಇಪ್ಪತ್ತು ಓಡಿಸಿದೆ. ಬಡಪಾಯಿ ಐವತ್ತು ಡಿಗ್ರಿ ಏರಿ ಕೂತಿತ್ತು, ಇನ್ನೂ ಏರುತ್ತಲೇ ಇತ್ತು.

ಮಧ್ಯಾಹ್ನವೆಲ್ಲ ಹಳೇ ದಾರಿಗೇ ವಾಪಸ್. ಬ್ಲೈಂಡ್ ತಣ್ಣಗೇ ಇರಲಿ, ಅದರ ಕರೆಂಟ್ ಹಿಡಿತದಲ್ಲಿಡೋ ಟ್ರಾನ್ಸಿಸ್ಟರಿನ ಗೇಟಿಗೆ ಸಣ್ಣ ರ‍್ಯಾಂಪ್ ವೋಲ್ಟೇಜ್, ಅಂದ್ರೆ ಒಂದೇ ಸಮ ಬದಲಾಗ್ತಾ ಹೋಗೋ ವೋಲ್ಟೇಜ್ ಕೊಟ್ಟು ಕಾದ ಹಾಗೆ ನಟಿಸಲಿ. ಇದನ್ನ ಮೊದಲೇ ಮಾಡಿದವರನ್ನ ಸೋಮಾರಿಗಳು ಅಂತ ಮನಸ್ಸಿನಲ್ಲೇ ಬೈದಿದ್ದೆ.

ಈ ಸಲ 480 ಸಾಲೂ ಓಡೋಕೆ ಹಾಕಿ ಬಂದಿದ್ದೀನಿ. ಯುಪಿಎಸ್ ಬ್ಯಾಟರಿ ಹಳೇದು, ಆಚೆ ಗುಡುಗ್ತಾ ಇದೆ. ಬೆಳಗಿನ ತನಕ ಕರೆಂಟ್ ಇದ್ದರೆ ಸಾಕು.