ಬೆವರು ಆರದ ಊರಲ್ಲಿ 21 ಕಿಲೋಮೀಟರ್: ಮುಂಬೈ ಹಾಫ್ ಮ್ಯಾರಥಾನ್ ಡೈರಿ

ಈ ಸಲದ ಗುರಿ ಮುಂಬೈ. ಅಲ್ಲಿ 2004ರಿಂದ ನಡೆಯುತ್ತಿರುವ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ಇರುತ್ತದೆ, ಅದರಲ್ಲಿ ನಾನು ಓಡಲು ಹೊರಟದ್ದು ಹಾಫ್, ಅಂದರೆ 21.0975 ಕಿಲೋಮೀಟರ್. ಧಾರವಾಡದಲ್ಲಿ ವರ್ಷವಿಡೀ ಓಡುವವರಿಗೆ ಅಷ್ಟು ದೂರ ಹೊಸದೇನಲ್ಲ. ತೊಂದರೆ ಕೊಡುವುದು ಅಲ್ಲಿನ ಗಾಳಿ. ನಮ್ಮಲ್ಲಿ ಜನವರಿ ಬೆಳಿಗ್ಗೆ ಒಣ ಚಳಿ, ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಮುಂಬೈಯಲ್ಲಿ ಅದೇ ಹೊತ್ತಿಗೆ ಸಮುದ್ರದ ತೇವ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ. ಆಗ ಮೈ ತಂಪು ಮಾಡಲು ಹೃದಯ ಚರ್ಮದ ಕಡೆಗೂ ಜಾಸ್ತಿ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ವೇಗ ಅಷ್ಟೇ ಇದ್ದರೂ ನಾಡಿ ಬಡಿತ ಏರುತ್ತಾ ಹೋಗುತ್ತದೆ.

ಹಾಗಾಗಿ ಈ ಸಲದ ತಯಾರಿಯೆಲ್ಲ ಒಂದೇ ಯೋಚನೆಯ ಮೇಲೆ ನಿಂತಿತ್ತು. ಗಡಿಯಾರದ ವೇಗ ನೋಡಿ ಓಡುವುದನ್ನು ಬಿಟ್ಟು ನಾಡಿ ನೋಡಿ ಓಡುವುದು.

ಅಕ್ಟೋಬರ್, ನವೆಂಬರ್

ವಾರಕ್ಕೆ ಮೂರು ಮುಖ್ಯ ಓಟ. ಮಂಗಳವಾರ ಏರು, ಗುರುವಾರ ಒಂದೇ ಸಮನೆ ಒಂದು ಗಂಟೆ, ಭಾನುವಾರ ಉದ್ದದ ಓಟ. ಏರಿಗೆ ಧಾರವಾಡದವರು ಎಲ್ಲಿಗೂ ಹೋಗಬೇಕಿಲ್ಲ, ಕರ್ನಾಟಕ ವಿಶ್ವವಿದ್ಯಾಲಯ ಇರುವುದೇ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ. ಕೆಳಗಿಂದ ಕ್ಯಾಂಪಸ್‌ವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಮುಂಬೈಯ ಹಾದಿಯಲ್ಲಿ ಪೆಡ್ಡರ್ ರೋಡ್ ಅಂತ ಒಂದು ಏರು ಇದೆ, ಅದೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಮುಗಿದು ಕಾಲು ದಣಿದಾಗ ಬರುತ್ತದೆ. ಅದಕ್ಕೇ ಗುಡ್ಡವನ್ನು ತಾಜಾ ಕಾಲಲ್ಲಿ ಹತ್ತದೆ, ಮೊದಲು ಕೆಲಗೇರಿ ಕೆರೆ ಕಡೆ ಒಂದಷ್ಟು ಓಡಿ, ಆಮೇಲೆ ಹತ್ತುವುದು ಅಂತ ಇಟ್ಟುಕೊಂಡೆ. ಇದು ನಿಜಕ್ಕೂ ಕೆಲಸ ಮಾಡಿತು, ಮುಂದೆ ಬರುತ್ತದೆ.

ಅಕ್ಟೋಬರ್ ಬಿಸಿಲನ್ನೂ ಬಳಸಿಕೊಂಡೆ. ಗುರುವಾರದ ಓಟ ಬೆಳಿಗ್ಗೆ ಆರರ ಬದಲು ಹತ್ತು ಗಂಟೆಗೆ. ಮೈ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು ಅನ್ನುವುದು ಓಟಗಾರರಿಗೆಲ್ಲ ಗೊತ್ತಿರುವ ಮಾತು. ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಗಳಿಸಿದ್ದು ಜನವರಿವರೆಗೆ ಉಳಿಯುವುದಿಲ್ಲ. ಬಿಸಿಲು ಬಿಟ್ಟರೆ ಕೆಲವೇ ವಾರಗಳಲ್ಲಿ ಮೈ ಮರೆತುಬಿಡುತ್ತದೆ. ನನಗೆ ಇದರಿಂದ ಸಿಕ್ಕ ಲಾಭ ಬೇರೆ. ನಾಡಿ 150 ದಾಟಿದ ಕೂಡಲೇ ವೇಗ ಇಳಿಸುವ ಅಭ್ಯಾಸ ಬಂತು, ಮತ್ತು ಹಾಗೆ ಇಳಿಸಿದಾಗ ಬೇಜಾರಾಗುವುದು ನಿಂತಿತು.

ಡಿಸೆಂಬರ್: ಕಾರವಾರ

ಈ ಡೈರಿಯಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಭಾಗ ಇದು. ಮುಂಬೈ ಗಾಳಿಯನ್ನು ಧಾರವಾಡದಲ್ಲಿ ತರುವುದು ಆಗದು, ಆದರೆ ಅದೇ ಅರಬ್ಬೀ ಸಮುದ್ರ ನಮ್ಮ ಕಾರವಾರಕ್ಕೂ ಇದೆ ಅಲ್ವಾ? ಯಲ್ಲಾಪುರ, ಅಂಕೋಲಾ ಹಾದಿಯಲ್ಲಿ ಶನಿವಾರ ಇಳಿದು ಹೋಗಿ, ಭಾನುವಾರ ಕತ್ತಲಿರುವಾಗಲೇ ಟಾಗೋರ್ ಕಡಲತೀರದಿಂದ ಓಟ ಶುರು ಮಾಡಿದೆ. ಚಾಪಲ್ ಯುದ್ಧನೌಕೆ ಇಟ್ಟಿರುವ ಜಾಗದಿಂದ ಕೋಡಿಬಾಗ ಕಡೆಗೆ, ವಾಪಸ್, ಮತ್ತೆ ಆ ಕಡೆ. ಹೀಗೆ 16 ಕಿಮೀ.

ಚೀಲದಲ್ಲಿ ಮನೆಯ ತೂಕದ ಯಂತ್ರ ಒಯ್ದಿದ್ದೆ. ಓಡುವ ಮುಂಚೆ ಒಮ್ಮೆ, ಓಡಿ ಬಂದು ಟವೆಲಿನಿಂದ ಮೈ ಒರೆಸಿಕೊಂಡು ಒಮ್ಮೆ ತೂಕ ನೋಡುವುದು. ಒಂದು ಕಿಲೋ ಕಡಿಮೆಯಾದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ, ನಡುವೆ ಕುಡಿದ ನೀರನ್ನು ಅದಕ್ಕೆ ಕೂಡಿಸಬೇಕು. ಧಾರವಾಡದಲ್ಲಿ ಒಂದು ಗಂಟೆಗೆ ಅರ್ಧ ಲೀಟರ್ ಆಸುಪಾಸು ಹೋಗುತ್ತಿದ್ದದ್ದು ಕಾರವಾರದಲ್ಲಿ ಒಂದು ಲೀಟರಿನ ಹತ್ತಿರ ಬಂತು. ಬನಿಯನ್ ಹಿಂಡಿದರೆ ನೀರು ಸುರಿಯುತ್ತಿತ್ತು, ಒಣಗಿದ ಮೇಲೆ ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಧಾರವಾಡದಲ್ಲಿ ಕಿಲೋಮೀಟರಿಗೆ 6:05ರಲ್ಲಿ, ಅಂದರೆ 6 ನಿಮಿಷ 5 ಸೆಕೆಂಡಿನಲ್ಲಿ, ಓಡಿದಾಗ ಇರುವ ನಾಡಿ ಇಲ್ಲಿ 6:25ಕ್ಕೇ ಬಂದಿತ್ತು. ಇಪ್ಪತ್ತು ಸೆಕೆಂಡಿನ ಆ ವ್ಯತ್ಯಾಸ ನೋಡಿಯೇ ಮುಂಬೈಯ ಲೆಕ್ಕ ಬರೆದದ್ದು. 2 ಗಂಟೆ 15 ನಿಮಿಷದ ಒಳಗೆ ಮುಗಿಸಬೇಕು. ಮೊದಲ 8 ಕಿಮೀ 6:30ಕ್ಕಿಂತ ಜೋರಾಗಿ ಹೋಗಬಾರದು. ಪೆಡ್ಡರ್ ರೋಡಲ್ಲಿ ಗಡಿಯಾರ ನೋಡಲೇಬಾರದು. ಮರೀನ್ ಡ್ರೈವ್‌ನಲ್ಲಿ ಉಳಿದದ್ದನ್ನೆಲ್ಲ ಖರ್ಚು ಮಾಡಬೇಕು.

ಕುಡಿಯುವುದೂ ಅಲ್ಲೇ ತೀರ್ಮಾನವಾಯಿತು. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಅಪಾಯಕ್ಕೆ ಹೋಗಬಹುದು. ಅದಕ್ಕೇ ಓಆರ್‌ಎಸ್ ಬೆರೆಸಿದ ಸಣ್ಣ ಬಾಟಲಿ ಸೊಂಟಕ್ಕೆ, ದಾರಿಯಲ್ಲಿ ನೀರು ಕೊಟ್ಟಾಗ ಎರಡೇ ಗುಟುಕು, ಉಳಿದದ್ದು ತಲೆಗೆ. ತಿನ್ನಲು ಬೀಜ ತೆಗೆದ ಖರ್ಜೂರ, ಸಣ್ಣಗೆ ಹೆಚ್ಚಿ ಚೂರು ಉಪ್ಪು ಸವರಿದ್ದು. ಓಟಗಾರರು ಶಕ್ತಿಗೆಂದು ತಿನ್ನುವ ಸಿಹಿ ಜೆಲ್ ನನಗೆ ಹೊಟ್ಟೆಗೆ ಒಗ್ಗುವುದಿಲ್ಲ.

ಹೊರಡುವ ವಾರ

ಕೊನೆಯ ಎರಡು ವಾರ ದೂರ ಇಳಿಸಿದೆ. ಕಾಲು ಚುರುಚುರು ಅನ್ನುತ್ತದೆ, ಓಡು ಓಡು ಅನ್ನುತ್ತದೆ, ಕೇಳಬಾರದು.

ಹುಬ್ಬಳ್ಳಿ–ದಾದರ್ ರೈಲಿಗೆ ಗುರುವಾರ ಧಾರವಾಡದಲ್ಲಿ ಹತ್ತಿದೆ. ಬೆಳಗಾವಿ, ಮಿರಜ್, ಸಾತಾರಾ, ಪುಣೆ ದಾಟಿ ಬೆಳಗಾದಾಗ ದಾದರ್. ಶುಕ್ರವಾರವೇ ಮುಟ್ಟುವುದು ಬೇಕಂತಲೇ ಮಾಡಿದ್ದು. ರೈಲಿನ ನಿದ್ದೆ ಅರ್ಧಂಬರ್ಧ, ಅದನ್ನು ಸರಿಮಾಡಲು ನಡುವೆ ಎರಡು ರಾತ್ರಿ ಬೇಕು. ಓಟದ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ, ಅದಕ್ಕೆ ನಿಜವಾಗಿ ಲೆಕ್ಕಕ್ಕೆ ಬರುವುದು ಶುಕ್ರವಾರದ ರಾತ್ರಿ. ಬೇರೆ ಊರಿಗೆ ಓಡಲು ಹೋಗುವವರಿಗೆ ನಾನು ಹೇಳುವ ಮೊದಲ ಮಾತೇ ಇದು: ರಜೆ ಒಂದೇ ದಿನ ಹೆಚ್ಚಿಗೆ ಸಿಗುವುದಾದರೆ ಅದನ್ನು ಓಟದ ಮುಂಚೆ ಹಾಕಿಕೊಳ್ಳಿ.

ಇಳಿದುಕೊಂಡದ್ದು ಮಾಟುಂಗಾದಲ್ಲಿ, ಕಾಕಾನ ಮನೆ. ಶುಕ್ರವಾರ ಮಧ್ಯಾಹ್ನ ಬಿಕೆಸಿಗೆ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಹೋಗಿ ಬಿಬ್, ಅಂದರೆ ಎದೆಗೆ ಹಚ್ಚಿಕೊಳ್ಳುವ ಓಟದ ನಂಬರ್ ಚೀಟಿ, ತಂದೆ. ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು, ಓಟದ ದಿನ ಬೆಳಿಗ್ಗೆ ಕೊಡುವುದಿಲ್ಲ. ಅಲ್ಲಿ ಅಂಗಡಿಗಳ ಸಾಲು ದೊಡ್ಡದು, ಶೂ, ಕನ್ನಡಕ, ಪುಡಿ, ಮಾತ್ರೆ. ನೋಡುತ್ತಾ ನಿಂತರೆ ಕಾಲು ಹೋಗುತ್ತದೆ, ಬಿಬ್ ತೆಗೆದುಕೊಂಡು ನೇರ ಹೊರಗೆ ಬಂದೆ. ಬಾಂದ್ರಾ ಕಡೆಯಿಂದ ಆಟೋ ಹಿಡಿದು ಮಾಟುಂಗಾಕ್ಕೆ ಬರಲು ಆಗುವುದಿಲ್ಲ, ಆಟೋಗಳಿಗೆ ಮಾಹಿಮ್–ಸಯಾನ್‌ನಿಂದ ಈಚೆ ಪ್ರವೇಶವಿಲ್ಲ. ಟ್ಯಾಕ್ಸಿಯೇ ಹಿಡಿಯಬೇಕು, ಇಲ್ಲವೇ ಲೋಕಲ್.

ಶನಿವಾರ

ಬೆಳಿಗ್ಗೆ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿದೆ, ಗಾಳಿ ಹೇಗಿದೆ ಅಂತ ನೋಡಲು. ಕಾರವಾರದ ಹಾಗೇ ಇತ್ತು. ಅಲ್ಲಿಗೆ ಹೋಗಿ ಬಂದದ್ದು ಎಷ್ಟು ಒಳ್ಳೆಯದಾಯಿತು ಅಂತ ಆಗಲೇ ಖುಷಿಯಾಯಿತು.

ಓಟದ ಮುನ್ನಾದಿನ ಪರ ಊರಲ್ಲಿ ಊಟವೇ ದೊಡ್ಡ ತಲೆನೋವು. ಮುಂಬೈಯಲ್ಲಿ ಕನ್ನಡದವರಿಗೆ ಆ ತಲೆನೋವಿಲ್ಲ, ಮಾಟುಂಗಾ ಇದೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ, ಉಡುಪಿ ಹೋಟೆಲುಗಳು ಬೀದಿ ಬೀದಿಗೆ ಇವೆ. ಸ್ಟೇಷನ್ ಪಕ್ಕ ರಾಮಾ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆ ಊಟ. ಅನ್ನ, ಸಾರು, ಮತ್ತೆ ಅನ್ನ, ಮಜ್ಜಿಗೆ. ಕರಿದದ್ದು, ಜಾಸ್ತಿ ಪಲ್ಯ ಬೇಡ ಅಂದೆ. ಓಟದ ಪುಸ್ತಕಗಳಲ್ಲಿ ಬರೆಯುವ ಕಾರ್ಬೋಹೈಡ್ರೇಟ್ ಊಟಕ್ಕೆ ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ರಾತ್ರಿ ಏಳಕ್ಕೇ ಕಾಕು ಮಾಡಿದ ಮೊಸರನ್ನ.

"ಬೆಳಿಗ್ಗೆ ಟ್ಯಾಕ್ಸಿ ಬುಕ್ ಮಾಡ್ಲಾ ಕಾಕಾ?" ಅಂದೆ.

"ಟ್ಯಾಕ್ಸಿ ಯಾಕೋ ತಮ್ಮಾ, ನಾನೇ ಬಿಟ್ಟು ಬರ್ತೀನಿ. ಮೂರೂವರಿಗೆ ಎಬ್ಬಸ್ತೀನಿ, ನೀ ಈಗ ಮಲ್ಕೋ."

ಬಿಬ್‌ಗೆ ನಾಲ್ಕು ಮೂಲೆಗೂ ಪಿನ್ನು, ಹಳೇ ಶೂ, ಹಳೇ ಸಾಕ್ಸ್, ತೊಡೆ ಸಂದಿಗೆ ಮತ್ತು ಕಂಕುಳಿಗೆ ವ್ಯಾಸಲೀನ್ ಡಬ್ಬಿ. ಒದ್ದೆ ಗಾಳಿಯಲ್ಲಿ ಚರ್ಮ ತಿಕ್ಕಿ ಸುಲಿಯುವುದು ಬೇಗ.

ಭಾನುವಾರ

ಹಾಫ್ ಶುರುವಾಗುವುದು ಮಾಹಿಮ್ ರೇತಿ ಬಂದರ್ ಮೈದಾನದ ಹತ್ತಿರ, ಮುಗಿಯುವುದು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಎದುರು. ಹಾಗಾಗಿ ಚೀಲವನ್ನು ಇಲ್ಲಿ ಒಪ್ಪಿಸಿದರೆ ಅಲ್ಲಿ ಆಜಾದ್ ಮೈದಾನದಲ್ಲಿ ಸಿಗುತ್ತದೆ. ರಸ್ತೆ ಮುಚ್ಚಿದ್ದರು, ಕಾಕಾ ದೂರದಲ್ಲೇ ಇಳಿಸಿದರು, ಉಳಿದದ್ದು ನಡಿಗೆ. ಐದು ಗಂಟೆಗೆ ಓಟ. ನಮ್ಮ ಗುಂಪು ಗೆರೆ ದಾಟುವಾಗ ಐದು ದಾಟಿ ಎಂಟು ನಿಮಿಷ. ಬಿಬ್‌ನ ಚಿಪ್ ಅಲ್ಲಿಂದಲೇ ಲೆಕ್ಕ ಹಿಡಿಯುವುದರಿಂದ ಅವಸರ ಬೇಕಿಲ್ಲ. ಮಾಹಿಮ್ ಕಾಸ್‌ವೇಯಲ್ಲಿ ಜನ ಒತ್ತೊತ್ತಾಗಿದ್ದರು. ಹಾವಿನ ಹಾಗೆ ನುಗ್ಗಿ ಹೋಗುವವರನ್ನು ಹೋಗಲು ಬಿಟ್ಟು ನಾನು 6:40ರಲ್ಲಿ ಸುಮ್ನೆ ಓಡಿದೆ.

ಆಮೇಲೆ ಬಾಂದ್ರಾ–ವರ್ಲಿ ಸೀ ಲಿಂಕ್. 2009ರಲ್ಲಿ ತೆರೆದ, 5.6 ಕಿಮೀ ಉದ್ದದ ಸೇತುವೆ. ಬೈಕು, ಆಟೋ, ನಡೆಯುವವರು ಯಾರೂ ಅದರ ಮೇಲೆ ಹೋಗುವ ಹಾಗಿಲ್ಲ. ಇಂಥ ಓಟದ ದಿನವೇ ಅದರ ಮೇಲೆ ಕಾಲಿಡಲು ಸಿಗುವುದು. ಪೂರಾ ಕತ್ತಲು. ಕೇಬಲ್‌ಗಳು ಎರಡೂ ಕಡೆ ಮೇಲಕ್ಕೆ ಹೋಗಿ ದೀಪದಲ್ಲಿ ಬೆಳ್ಳಗೆ ಕಾಣುತ್ತಿದ್ದವು, ಮುಂದೆ ವರ್ಲಿಯ ಎತ್ತರದ ಕಟ್ಟಡಗಳ ದೀಪ, ಕೆಳಗೆ ಸಮುದ್ರ ಕಾಣದೆ ಬರೀ ವಾಸನೆ. ಸಂಗೀತ ಇಲ್ಲ, ಚಪ್ಪಾಳೆ ಇಲ್ಲ, ಸಾವಿರಾರು ಶೂಗಳ ಸದ್ದು. ನನಗೆ ಮೈ ಜುಮ್ಮೆಂದಿತು. ಸೇತುವೆ ನಡುವಿಗೆ ಹೋದ ಹಾಗೆ ರಸ್ತೆ ತುಸು ಏರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನಾಡಿಗೆ ಗೊತ್ತಾಗುತ್ತದೆ. 154 ಆಯಿತು, ಇಳಿಸಿದೆ.

ವರ್ಲಿ ಸಮುದ್ರತೀರದಿಂದ ಜನ ಶುರು. ಹಾಜಿ ಅಲಿ ದಾಟಿ ಪೆಡ್ಡರ್ ರೋಡ್ ಹತ್ತುವಾಗ ಹಲವರು ನಡೆಯತೊಡಗಿದ್ದರು. ನಾನು ವಿಶ್ವವಿದ್ಯಾಲಯದ ಗುಡ್ಡದ ಹಾಗೇ ಹೆಜ್ಜೆ ಚಿಕ್ಕದು ಮಾಡಿ, ಕಣ್ಣು ಹತ್ತು ಅಡಿ ಮುಂದಿಟ್ಟು ಹತ್ತಿದೆ. ನಿಲ್ಲಬೇಕಾಗಲಿಲ್ಲ. ಗುಡ್ಡದ ಮುಂದೆ ಈ ಏರು ಸೌಮ್ಯವೇ. ಲತಾ ಮಂಗೇಶ್ಕರ್ ಅವರು ಬಾಳಿದ ಪ್ರಭುಕುಂಜ್ ಇರುವುದು ಇದೇ ರಸ್ತೆಯಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಊರಿನವನಿಗೆ ಅದು ನೆನಪಾಗದೆ ಇರುತ್ತದೆಯೇ, ಓಡುತ್ತಲೇ ಒಂದು ನಮಸ್ಕಾರ ಮಾಡಿದೆ.

ಆ ರಸ್ತೆಯ ಜನರನ್ನು ನಾನು ಮರೆಯಲಾರೆ. ಅಷ್ಟು ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಮನೆ ಮುಂದೆ ನಿಂತಿದ್ದ ಒಬ್ಬ ಅಜ್ಜಿ, ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ ಹರಡಿಕೊಂಡು, ಮೇಲೆ ಉಪ್ಪು ಉದುರಿಸಿ, ಪ್ರತಿಯೊಬ್ಬರಿಗೂ ಕೈ ಚಾಚಿ ಕೊಡುತ್ತಿದ್ದರು. "ಘ್ಯಾ ಬಾಳಾ, ಘ್ಯಾ." ತಗೋ ಮಗಾ, ತಗೋ ಅಂತ ಮರಾಠಿಯಲ್ಲಿ. ಪಕ್ಕದಲ್ಲಿ ಮೊಮ್ಮಗಳು ಸಿಪ್ಪೆ ಹಾಕಲು ಬಕೆಟ್ ಹಿಡಿದಿದ್ದಳು. ಎರಡು ತೊಳೆ ಬಾಯಿಗೆ ಹಾಕಿಕೊಂಡೆ. ಕಾರವಾರದಲ್ಲಿ ಬರೆದ ಪಟ್ಟಿಯಲ್ಲಿ ಇದಿರಲಿಲ್ಲ, ಆದರೂ ಆ ಹೊತ್ತಿಗೆ ಅದಕ್ಕಿಂತ ರುಚಿಯಾದದ್ದು ಮತ್ತೊಂದಿರಲಿಲ್ಲ.

ಕೆಂಪ್ಸ್ ಕಾರ್ನರ್ ಇಳಿಜಾರಿನಲ್ಲಿ ತೊಡೆ ಬಿಗಿಯಿತು. ಚೌಪಾಟಿಗೆ ಬಂದಾಗ ಬೆಳಕು ಹರಿಯುತ್ತಿತ್ತು. ಮರೀನ್ ಡ್ರೈವ್ ಸಮತಟ್ಟು, ಆದರೆ ಬಾಗಿ ಬಾಗಿ ಹೋಗುವ ರಸ್ತೆ, ಕೊನೆ ಎಲ್ಲಿ ಅಂತ ಹೊಳೆಯುವುದಿಲ್ಲ. ಇಲ್ಲಿ ನಾಡಿ ನೋಡುವುದು ಬಿಟ್ಟೆ. 6:05, 6:00, 5:55. ಮೊದಲ ಎಂಟು ಕಿಲೋಮೀಟರಿನಲ್ಲಿ ನನ್ನನ್ನು ದಾಟಿ ಹೋಗಿದ್ದ ಹಳದಿ ಬನಿಯನ್ನಿನ ಗುಂಪು ಚರ್ಚ್‌ಗೇಟ್ ಹತ್ತಿರ ಸಿಕ್ಕಿತು. ಅಲ್ಲಿಂದ ಹುತಾತ್ಮ ಚೌಕ, ತಿರುವು, ಎದುರಿಗೆ ಸಿಎಸ್‌ಎಂಟಿಯ ಗುಮ್ಮಟ.

2:13:41.

ಆಜಾದ್ ಮೈದಾನದಲ್ಲಿ ಚೀಲ ಹುಡುಕಿ, ಓಆರ್‌ಎಸ್ ಕುಡಿದು, ಹುಲ್ಲಿನ ಮೇಲೆ ಕೂತು ಕಾಕಾನಿಗೆ ಫೋನ್ ಮಾಡಿದೆ. ಮಾಟುಂಗಾಕ್ಕೆ ಹೋಗಿ ತೂಕ ನೋಡಿದರೆ ಒಂದೂಕಾಲು ಕಿಲೋ ಕಡಿಮೆ. ಕಾರವಾರದ ಲೆಕ್ಕ ಸರಿಯಾಗಿ ಕೂತಿತ್ತು.

ಮುಂದೆ

ಒಂದು ವಾರ ಓಟವಿಲ್ಲ, ಬರೀ ನಡಿಗೆ. ಆಮೇಲೆ ಮೆಲ್ಲನೆ ಶುರು. ಸೆಪ್ಟೆಂಬರ್‌ನಲ್ಲಿ ಸಾತಾರಾ ಹಿಲ್ ಹಾಫ್ ಇದೆ, ಊರಿಂದ ಹೊರಟು ಯವತೇಶ್ವರ ಘಾಟ್ ಹತ್ತಿ, ಅದೇ ಹಾದಿಯಲ್ಲಿ ಇಳಿಯುವುದು. ಮಳೆಗಾಲದ ಕೊನೆ, ಸೆಕೆಯ ಚಿಂತೆ ಇಲ್ಲ, ಆದರೆ ಹತ್ತು ಕಿಲೋಮೀಟರಿನಷ್ಟು ವಾಪಸ್ ಹಾದಿ, ಬಹುಪಾಲು ಇಳಿಜಾರು. ಮಂಗಳವಾರದ ಗುಡ್ಡದ ಓಟದಲ್ಲಿ ಇಷ್ಟು ದಿನ ಹತ್ತುವುದನ್ನು ಮಾತ್ರ ಬರೆದಿಡುತ್ತಿದ್ದೆ. ಫೆಬ್ರವರಿಯಿಂದ ಇಳಿಯುವುದರ ಸಮಯವನ್ನೂ ಬರೆಯುತ್ತೇನೆ.