ನಾವೇನು ಇಲಿಗಳಾ ಅಕ್ಕಾ?

ಮಂಗಳವಾರ ನನ್ನ ಸ್ತನ ಕ್ಯಾನ್ಸರ್ ಚೆಕಪ್‌ಗೆ ಹೋಗಿ ಬಂದೆ. ಇವತ್ತು ಶುಕ್ರವಾರ. ಆ ಒಂದು ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. "ನಾವೇನು ಇಲಿಗಳಾ ಅಕ್ಕಾ?"

ಕೇಳಿದವರು ಶಿರಾ ಕಡೆಯ ಹೆಂಗಸು. ನಲವತ್ತರ ಆಸುಪಾಸು. ಓಪಿಡಿ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದರು, ಕೈಯಲ್ಲಿ ಏಳೆಂಟು ಹಾಳೆ. ಒಬ್ಬ ಹುಡುಗಿ ಬಂದು "ಒಂದು ಸ್ಟಡಿ ಇದೆ, ಓದಿ ಸೈನ್ ಮಾಡಿ" ಅಂತ ಕೊಟ್ಟು ಹೋಗಿದ್ದಳು. ಮೈದುನ ನಿಂತಲ್ಲಿಂದಲೇ "ಬೇಡ ಅತ್ತಿಗೆ, ನಿಮ್ ಮೇಲೆ ಪ್ರಯೋಗ ಮಾಡ್ತಾರೆ" ಎಂದ. ಆಗ ಅವರು ನನ್ನ ಕಡೆ ತಿರುಗಿದ್ದು.

ಹಾಳೆ ಇಸ್ಕೊಂಡು ನೋಡಿದೆ. ಕನ್ನಡದಲ್ಲೇ ಇತ್ತು. ಆದರೆ 'ಯಾದೃಚ್ಛಿಕವಾಗಿ ಹಂಚಿಕೆ' ಅಂದರೆ ಯಾರಿಗೆ ಅರ್ಥವಾಗಬೇಕು? ಎಂ.ಎ. ಓದಿದ ನಾನೇ ಎರಡು ಸಲ ಓದಿದೆ. ಆ ಹುಡುಗಿಯನ್ನು ಬೈಯಲಾರೆ, ಅವಳಿಗೆ ಇನ್ನೂ ಎಷ್ಟೋ ಜನರನ್ನು ನೋಡುವುದಿತ್ತು. ಆದರೂ ಐದು ನಿಮಿಷ ಪಕ್ಕದಲ್ಲಿ ಕೂತು ಹೇಳಿದ್ದರೆ ಇಲಿಯ ಮಾತೇ ಬರುತ್ತಿರಲಿಲ್ಲ.

ಅವರಿಗೆ ಎದೆಯಲ್ಲಿ ಗಂಟು ಸಿಕ್ಕು ಐದು ತಿಂಗಳಾಗಿತ್ತಂತೆ. "ನೋಯ್ತಿರ್ಲಿಲ್ಲ, ಅದ್ಕೇ ಸುಮ್ನಿದ್ದೆ." ನನಗೆ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಾನೂ ಮಗನ ಪರೀಕ್ಷೆ ಮುಗಿಯಲಿ ಅಂತ ಎರಡು ತಿಂಗಳು ಸುಮ್ಮನಿದ್ದವಳು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು, ಗಟ್ಟಿಯಾಗಿ, ಹುಣಸೆ ಬೀಜದಷ್ಟು. ಒತ್ತಿದರೂ ನೋವಿಲ್ಲ. ಶುರುವಿನಲ್ಲಿ ಬಹಳ ಜನಕ್ಕೆ ನೋವೇ ಇರುವುದಿಲ್ಲ. ಇದೊಂದು ಮಾತು ಪ್ರತಿ ಮನೆಯ ಬಚ್ಚಲಿಗೆ ತಲುಪಬೇಕು. ಅಕ್ಟೋಬರ್‌ನಲ್ಲಿ ಗುಲಾಬಿ ರಿಬ್ಬನ್ ಕಟ್ಟಿಕೊಂಡು ಈ ಕ್ಯಾನ್ಸರ್ ಜಾಗೃತಿಗೆ ನಾನೂ ನಡೆದಿದ್ದೇನೆ, ಮುಂದೆಯೂ ನಡೆಯುತ್ತೇನೆ. ಆದರೆ ಆ ನಡಿಗೆಗಳಲ್ಲಿ ಸಂಶೋಧನೆಯ ಮಾತು ನನ್ನ ಕಿವಿಗೆ ಒಮ್ಮೆಯೂ ಬಿದ್ದಿಲ್ಲ.

ಬ್ಯಾಗಿನಿಂದ ನನ್ನ ಟ್ಯಾಮಾಕ್ಸಿಫೆನ್, ಅಂದರೆ ರೋಗ ಮರಳದಿರಲಿ ಅಂತ ನುಂಗುವ ಮಾತ್ರೆಯ ಸ್ಟ್ರಿಪ್ ತೆಗೆದು ಅವರ ಅಂಗೈಯಲ್ಲಿಟ್ಟೆ. ಇದನ್ನು ಐದು ವರ್ಷ ನುಂಗಿದರೆ ಸಾಕು ಅಂತಿದ್ದರು. ಸುಮಾರು 13 ಸಾವಿರ ಹೆಂಗಸರು ಒಂದು ಅಧ್ಯಯನಕ್ಕೆ ಸೇರಿದರು. ಯಾರು ನಿಲ್ಲಿಸಬೇಕು, ಯಾರು ಇನ್ನೂ ಐದು ವರ್ಷ ನುಂಗಬೇಕು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಆ 'ಯಾದೃಚ್ಛಿಕ' ಅಂದರೆ ಇಷ್ಟೇ. ಹಾರ್ಮೋನಿನಿಂದ ಬೆಳೆಯುವ ಗೆಡ್ಡೆ ಇದ್ದ ನನ್ನಂಥವರಿಗೆ ಹತ್ತು ವರ್ಷ ನುಂಗಿದರೆ ರೋಗ ಮರಳುವುದು ಕಡಿಮೆ ಅಂತ 2012ರಲ್ಲಿ ಗೊತ್ತಾಯಿತು. ಅದಕ್ಕೇ ನನ್ನ ಡಾಕ್ಟರು "ನಿಲ್ಲಿಸ್ಬೇಡಿ" ಎಂದದ್ದು.

ಮೈದುನ ಈಗ ಹತ್ತಿರ ಬಂದಿದ್ದ. ನಮ್ಮ ದೇಶದ್ದೂ ಹೇಳಿದೆ. ಮುಂಬೈನ ಟಾಟಾ ಆಸ್ಪತ್ರೆಯವರು 11 ಕಡೆ, 1,600 ಹೆಂಗಸರ ಜೊತೆ ಮಾಡಿದ್ದು. ಹಲ್ಲು ಕೀಳುವಾಗ ಮರಗಟ್ಟಿಸಲು ಚುಚ್ಚುತ್ತಾರಲ್ಲ, ಆ ಔಷಧಿಯನ್ನೇ ಆಪರೇಷನ್‌ಗೆ ಸ್ವಲ್ಪ ಮುಂಚೆ ಅರ್ಧ ಜನಕ್ಕೆ ಗಂಟಿನ ಸುತ್ತ ಚುಚ್ಚಿದರು. ಚುಚ್ಚದವರಲ್ಲಿ ಐದು ವರ್ಷಕ್ಕೆ ನೂರಕ್ಕೆ 86 ಮಂದಿ ಬದುಕುಳಿದರೆ, ಚುಚ್ಚಿಸಿಕೊಂಡವರಲ್ಲಿ 90. ನಾಲ್ಕು ಮಂದಿ ಜಾಸ್ತಿ. ನಾಲ್ಕು ಮನೆ ಅಲ್ವಾ? ಇಷ್ಟು ಅಗ್ಗದ ಮದ್ದಿನ ಹಿಂದೆ ಯಾವ ಕಂಪನಿ ದುಡ್ಡು ಹಾಕುತ್ತದೆ? ಇದಕ್ಕೆ ಸರ್ಕಾರದ ದುಡ್ಡೇ ಬೇಕು, ನಮ್ಮ ನಿಮ್ಮ ದೇಣಿಗೆಯೂ ಬೇಕು.

"ಸೈನ್ ಹಾಕಿ ಅಂತ ನಾನು ಹೇಳಲ್ಲಮ್ಮಾ" ಎಂದೆ. "ಬೇಡ ಅಂದ್ರೂ ನಿಮ್ ಟ್ರೀಟ್‌ಮೆಂಟ್ ನಿಲ್ಲಲ್ಲ. ಸೇರಿದ್ಮೇಲೂ ಬಿಡಬಹುದು. ಆದ್ರೆ ಕೇಳಿ. ಅರ್ಥ ಆಗೋ ತನಕ ಕೇಳಿ."

ಅವರ ಪ್ರಶ್ನೆಗೆ ಉತ್ತರ ಕೊಟ್ಟೆನಾ ಅಂತ ಬಸ್ಸಿನಲ್ಲಿ ಪೂರ್ತಿ ಯೋಚಿಸಿದೆ. ಇಲಿಗೆ ಯಾರೂ ಹಾಳೆ ಕೊಟ್ಟು ಒಪ್ಪಿಗೆ ಕೇಳುವುದಿಲ್ಲ. ಆದರೆ ಓದಲಾಗದ ಹಾಳೆ ಕೊಟ್ಟು ಹೋದರೆ ಆ ಹೆಂಗಸಿಗೆ ಹಾಗನ್ನಿಸದೆ ಇನ್ನೇನನ್ನಿಸಬೇಕು? ಸಂಶೋಧನೆ ಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಹಾಳೆಯ ಮೇಲೆ ನನಗೆ ಇಷ್ಟು ಸಿಟ್ಟು.

ನನ್ನ ಟೋಕನ್ ಕರೆದರು. ಅವರು ಹಾಳೆ ಮಡಚಿ, ಆಧಾರ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. "ಮಗ್ಳು ಪಿಯುಸಿ ಅಕ್ಕಾ. ರಾತ್ರಿ ಅವ್ಳ್ ಕೈಲಿ ಓದಿಸ್ತೀನಿ." ಸೋಮವಾರ ಅವರಿಗೆ ಮೊದಲ ಕೀಮೋ.