ರಬ್ಬರ್ ಹಾಲಿನ ಪದರದ ಮೇಲಿನ ಸುಳ್ಳು ಅಲೆಗಳು

ಮೂರು ವಾರ ನನ್ನನ್ನು ಕಾಡಿದ ಅಲೆಗಳು ರಬ್ಬರ್ ಹಾಲಿನ ಪದರದವಲ್ಲ, ನಾನು ಕಟ್ಟಿಕೊಂಡ ಪರಮಾಣು ಬಲ ಸೂಕ್ಷ್ಮದರ್ಶಕದವು (ಸೂಕ್ಷ್ಮ ಮೊನೆಯಿಂದ ಮೇಲ್ಮೈಯನ್ನು ತಡವಿ ಚಿತ್ರ ಬಿಡಿಸುವ ಯಂತ್ರ) ಎಂಬುದು ಕಳೆದ ಶನಿವಾರ ರಾತ್ರಿ ಖಚಿತವಾಯಿತು. ಅದಾದ ಒಂದು ಗಂಟೆಯೊಳಗೆ, ನಮ್ಮದೇ ತೋಟದ ರಬ್ಬರ್ ಹಾಲಿನ ಎರಡು ಕಣಗಳ ನಡುವಿನ ಕಣಿವೆ ನಿಧಾನವಾಗಿ ತುಂಬಿಕೊಳ್ಳುವುದನ್ನು ಮೊದಲ ಬಾರಿಗೆ ಕಂಡೆ.

ಡಿವಿಡಿ ಓದುವ ಲೇಸರ್ ಭಾಗವಾದ ಪಿಕಪ್ಪಿನಿಂದ, ಮೊನೆಯನ್ನು ಹೊತ್ತ ಪುಟ್ಟ ಪಟ್ಟಿಯ, ಅಂದರೆ ಕ್ಯಾಂಟಿಲಿವರಿನ ಬಾಗನ್ನು ಅಳೆಯುವ ಕ್ರಮವೂ, ಬಜರ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಮಾದರಿಯನ್ನು ಅತ್ತಿತ್ತ ಸರಿಸುವ ಸ್ಕ್ಯಾನರ್ ಮಾಡುವ ಕ್ರಮವೂ ಈ ಹವ್ಯಾಸದವರಿಗೆ ಗೊತ್ತಿರುವುದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಮೊನೆ ಮೇಲ್ಮೈಯನ್ನು ಮೆಲ್ಲಗೆ ತಟ್ಟುತ್ತ ಸಾಗುವ ಟ್ಯಾಪಿಂಗ್ ಕ್ರಮದಲ್ಲಿ 4 ಮೈಕ್ರೋಮೀಟರ್ ಅಗಲದ ಚೌಕವನ್ನು ಸೆಕೆಂಡಿಗೆ 20 ಗೆರೆಗಳಂತೆ, ಪ್ರತಿ ಗೆರೆಗೆ ಒಮ್ಮೆ ಹೋಗಿ ಮರಳುತ್ತ, ಓದುತ್ತಿದ್ದೇನೆ. 100 ಗೆರೆಗಳ ಒಂದು ಚಿತ್ರಕ್ಕೆ 5 ಸೆಕೆಂಡು ಸಾಕು. ಕನಜಾವ ವಿಶ್ವವಿದ್ಯಾಲಯದ ತೋಶಿಯೋ ಆಂಡೋ ಅವರ ತಂಡ 2010ರಲ್ಲಿ ಜೀವಕೋಶದೊಳಗೆ ಹೆಜ್ಜೆಯಿಡುವ ಪ್ರೋಟೀನಾದ ಮಯೋಸಿನ್ ಅಣುವಿನ ನಡಿಗೆಯನ್ನೇ ಚಿತ್ರಿಸಿದ ವೇಗದ ಮುಂದೆ ಇದು ಏನೂ ಅಲ್ಲ; ಅವರ ಕ್ಯಾಂಟಿಲಿವರ್‌ಗಳ ಉದ್ದ 10 ಮೈಕ್ರೋಮೀಟರಿಗಿಂತ ಕಡಿಮೆ, ನನ್ನದು 125. ಆದರೆ ಒಣಗುತ್ತಿರುವ ರಬ್ಬರ್ ಹಾಲಿಗೆ 5 ಸೆಕೆಂಡಿನ ವೇಗ ಸಾಲುತ್ತದೆ. ರಬ್ಬರಿನ ಗಾಜು-ಸ್ಥಿತಿಯ ಉಷ್ಣಾಂಶ (ಅದಕ್ಕಿಂತ ಕೆಳಗೆ ಗಾಜಿನಂತೆ ಗಡುಸು, ಮೇಲೆ ಮೆದು) ಸೊನ್ನೆಗಿಂತ ಸುಮಾರು 70 ಡಿಗ್ರಿ ಸೆಲ್ಸಿಯಸ್ ಕೆಳಗಿರುವುದರಿಂದ, ನೀರು ಹೋದೊಡನೆ ಅದರ ಕಣಗಳು ಬಿಸಿ ಮಾಡದೆಯೇ ಒಂದನ್ನೊಂದು ಒತ್ತಿ ಚಪ್ಪಟೆಯಾಗಿ ಬೆಸೆಯತೊಡಗುತ್ತವೆ. ಬೆಳಗ್ಗೆ ಮರ ಗೀರಿ ಇಳಿಸಿದ ಹಾಲಿಗೆ ಎರಡು ಹನಿ ಅಮೋನಿಯಾ ಬೆರೆಸಿ, ಚೆನ್ನಾಗಿ ತೆಳುವಾಗಿಸಿ, ಗಾಜಿನ ಚೂರಿನ ಮೇಲೆ ಹರಡಿ, ಬಿಳುಪು ಕಳೆದು ಪಾರದರ್ಶಕವಾಗುವ ಹೊತ್ತಿಗೆ ಮೊನೆಯನ್ನು ಇಳಿಸುತ್ತೇನೆ.

ಹೀಗೆ ತೆಗೆದ ಪ್ರತಿ ಚಿತ್ರದಲ್ಲೂ ಕಣಗಳ ಮೇಲೆ ಹಾದುಹೋಗುವ ಸಾಲು ಅಲೆಗಳಿದ್ದವು. ಅವುಗಳ ನಡುವಿನ ಅಂತರ ಸುಮಾರು 0.4 ಮೈಕ್ರೋಮೀಟರ್, ಕಣಗಳ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ, ಒಣಗುವ ಪದರ ಸುಕ್ಕುಗಟ್ಟುತ್ತಿದೆಯೆಂದು ಮೊದಲು ನಂಬಿದೆ. ಆಮೇಲೆ ನೆರೆಮನೆಯ ಅಡಿಕೆ ಸುಲಿಯುವ ಯಂತ್ರದ ಮೇಲೆ ಸಂಶಯ ಬಂದು, ಇಡೀ ಉಪಕರಣವನ್ನು ಮುರಕಲ್ಲಿನ ಮೇಲಿಟ್ಟು, ಆ ಕಲ್ಲನ್ನು ಸೈಕಲ್ ಟ್ಯೂಬುಗಳಲ್ಲಿ ತೂಗುಹಾಕಿದೆ. ಯಂತ್ರ ನಿಂತ ನಡುರಾತ್ರಿಯಲ್ಲೂ ಅಲೆಗಳು ಹಾಗೆಯೇ ಇದ್ದವು. ಇದರ ನಡುವೆ ತರಿಸಿದ ಹತ್ತು ಕ್ಯಾಂಟಿಲಿವರ್‌ಗಳಲ್ಲಿ ನಾಲ್ಕು ಮುರಿದೇ ಬಂದವು. ಕೂದಲಿಗಿಂತ ತೆಳುವಾದ ವಸ್ತುವನ್ನು ಬರಿಯ ಕಾಗದದ ಲಕೋಟೆಯಲ್ಲಿ ಕಳುಹಿಸಿ, ಸಾಗಾಟದ ಹಾನಿಗೆ ತಾವು ಹೊಣೆಯಲ್ಲವೆಂದು ಬರೆಯುವ ವ್ಯಾಪಾರಿಯ ಮೇಲೆ ನನಗಿನ್ನೂ ಸಿಟ್ಟಿದೆ.

ದಾರಿ ತೋರಿಸಿದ್ದು ಒಂದು ಹಳೆಯ ಸಿಡಿ. ಹೊಳೆಯುವ ಲೋಹದ ಪದರವನ್ನು ಅಂಟುಪಟ್ಟಿಯಿಂದ ಕಿತ್ತು, ಉಳಿದ ಪ್ಲಾಸ್ಟಿಕ್ಕನ್ನು ಮೊನೆಯ ಕೆಳಗಿಟ್ಟೆ. 1.6 ಮೈಕ್ರೋಮೀಟರ್ ಅಂತರದ ಅದರ ಜಾಡುಗಳು ಅಳತೆಗೆ ಸರಿಯಾಗಿ ಕಂಡವು, ಅವುಗಳ ಮೇಲೆಯೂ ಅದೇ ಅಲೆಗಳಿದ್ದವು. ಸಿಡಿ ಒಣಗುವ ವಸ್ತುವಲ್ಲ. ಬಳಿಕ ವೇಗವನ್ನು ಸೆಕೆಂಡಿಗೆ 10 ಗೆರೆಗಳಿಗೆ ಇಳಿಸಿದಾಗ ಜಾಡುಗಳು ಇದ್ದಲ್ಲೇ ಉಳಿದು, ಅಲೆಗಳ ಅಂತರ ಮಾತ್ರ 0.2 ಮೈಕ್ರೋಮೀಟರಿಗೆ ಕುಗ್ಗಿತು. ಮೇಲ್ಮೈಗೆ ಸೇರಿದ ಅಲೆಯಾಗಿದ್ದರೆ ಮೊನೆ ನಿಧಾನವಾದರೂ ಅದರ ಅಂತರ ಬದಲಾಗಬಾರದು. ಅಂತರ ವೇಗದೊಡನೆ ಅರ್ಧವಾಯಿತೆಂದರೆ ಸ್ಥಿರವಾಗಿರುವುದು ಆವರ್ತನ. ಲೆಕ್ಕ ಹಾಕಿದಾಗ ಎರಡೂ ಸಲ 400 ಹರ್ಟ್ಸ್ ಬಂದಿತು, ಅದು ಮಾದರಿಯನ್ನು ಹೊತ್ತ ನನ್ನ ಸ್ಕ್ಯಾನರಿನ ಸ್ವಂತ ಆವರ್ತನ, ಅಂದರೆ ಪೆಟ್ಟು ಬಿದ್ದಾಗ ಅದು ತಾನಾಗಿ ಕಂಪಿಸುವ ವೇಗ.

ಕಾರಣ, ಸ್ಕ್ಯಾನರನ್ನು ಅತ್ತಿತ್ತ ಓಡಿಸಲು ಕೊಡುತ್ತಿದ್ದ ತ್ರಿಕೋನ ತರಂಗದ ವಿದ್ಯುತ್ ಸಂಕೇತ. ಗೆರೆಯ ಕೊನೆಯಲ್ಲಿ ಅದು ಥಟ್ಟನೆ ದಿಕ್ಕು ಬದಲಿಸುವಾಗ ತಟ್ಟೆಗೆ ಗಂಟೆಗೆ ಬಡಿದಂತೆ ಪೆಟ್ಟು ಬೀಳುತ್ತದೆ. ಹೋಗುವ ಗೆರೆಯಲ್ಲಿ ಎಡದಂಚಿನಲ್ಲೂ ಮರಳುವ ಗೆರೆಯಲ್ಲಿ ಬಲದಂಚಿನಲ್ಲೂ ಅಲೆಗಳು ದಟ್ಟವಾಗಿದ್ದುದನ್ನು ಮೊದಲ ದಿನವೇ ಗಮನಿಸಿದ್ದರೆ ಮೂರು ವಾರ ಉಳಿಯುತ್ತಿತ್ತು. ಈಗ ತುದಿಯಲ್ಲಿ ನಯವಾಗಿ ತಿರುಗುವ 20 ಹರ್ಟ್ಸಿನ ಸೈನ್ ತರಂಗ ಕೊಡುತ್ತಿದ್ದೇನೆ. ಅದರಲ್ಲಿ ಮೊನೆ ನಡುವೆ ವೇಗವಾಗಿ, ಅಂಚಿನಲ್ಲಿ ನಿಧಾನವಾಗಿ ಚಲಿಸುವುದರಿಂದ ಚಿತ್ರದ ಅಂಚುಗಳು ಹಿಗ್ಗುತ್ತವೆ; ಪ್ರತಿ ಬಿಂದುವನ್ನು ಕಾಲದ ಬದಲು ಸ್ಥಾನಕ್ಕೆ ಹೊಂದಿಸುವ ಕೆಲವು ಸಾಲಿನ ಪ್ರೋಗ್ರಾಮಿನಿಂದ ಅದನ್ನು ಸರಿಪಡಿಸಿದೆ.

ಅಲೆಗಳು ಹೋದ ಮೇಲೆ ಕಂಡ ಪದರ ಎಷ್ಟು ಸುಂದರ! ಬೇರೆಬೇರೆ ಗಾತ್ರದ ಕಣಗಳು ಒತ್ತೊತ್ತಾಗಿದ್ದವು. ಒಂದು ಜೋಡಿಯ ನಡುವಿನ ಕಣಿವೆ ಒಂಬತ್ತು ಚಿತ್ರಗಳಲ್ಲಿ, ಅಂದರೆ 45 ಸೆಕೆಂಡುಗಳಲ್ಲಿ, ಬಹುತೇಕ ತುಂಬಿಹೋಯಿತು. ಪಕ್ಕದ ಇನ್ನೊಂದು ಜೋಡಿ ಮಾತ್ರ ಕೊನೆಯವರೆಗೂ ಗೆರೆಯನ್ನು ಬಿಟ್ಟುಕೊಡಲಿಲ್ಲ. ಕಣಗಳ ಸುತ್ತಲಿನ ಪ್ರೋಟೀನು ಮತ್ತು ಕೊಬ್ಬಿನ ಹೊದಿಕೆ ಅಲ್ಲಿ ತಡೆಯುತ್ತಿರಬಹುದೆಂದು ನನ್ನ ಊಹೆ.

ಮುಂದಿನ ಮಾದರಿಯನ್ನೂ ಆಗಲೇ ನಿರ್ಧರಿಸಿದ್ದೇನೆ: ಥರ್ಮಾಕೋಲನ್ನು ಟಾಲುಯೀನ್ ಎಂಬ ದ್ರಾವಕದಲ್ಲಿ ಕರಗಿಸಿ ಪಾಲಿಸ್ಟೈರೀನಿನ ತೆಳು ಪದರ ಮಾಡಿ, 100 ಡಿಗ್ರಿಯ ಆಚೆಗೆ ಕಾಯಿಸಿ, ಅದು ತೂತುಬಿದ್ದು ಹನಿಗಳಾಗಿ ಒಡೆಯುವುದನ್ನು ನೋಡಬೇಕು. ಸಿಲಿಕಾನಿನ ಮೇಲೆ ಈ ಪದರ ತೆಳುವಾದಂತೆ ಅದರ ಗಾಜು-ಸ್ಥಿತಿಯ ಉಷ್ಣಾಂಶ ಇಳಿಯುತ್ತದೆಂದು ಕೆಡ್ಡಿ, ಜೋನ್ಸ್ ಮತ್ತು ಕೋರಿ ಎಂಬ ಸಂಶೋಧಕರು 1994ರಲ್ಲಿ ತೋರಿಸಿದಂದಿನಿಂದ ಅದರ ಚರ್ಚೆ ನಡೆದೇ ಇದೆ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಬಾಕಿಯಿದೆ. ಮೊನೆ ದೊಡ್ಡ ಕಣವನ್ನು ಹತ್ತುವಾಗ ಮಾದರಿಯನ್ನು ಮೇಲೆಕೆಳಗೆ ಸರಿಸುವ ಪೀಜೋ (ವಿದ್ಯುತ್ತಿಗೆ ಹಿಗ್ಗಿ ಕುಗ್ಗುವ ತುಂಡು) ಜಿಗಿದು ಇಡೀ ಚೌಕಟ್ಟನ್ನು ಅಲುಗಿಸುತ್ತದೆ. ಆಂಡೋ ಅವರ ವಿಧಾನದಂತೆ, ಅಷ್ಟೇ ಭಾರದ ಮತ್ತೊಂದು ಪೀಜೋವನ್ನು ತಳದ ಹಿಂಬದಿಗೆ ಅಂಟಿಸಿ, ಅದೇ ಸಂಕೇತದಿಂದ ವಿರುದ್ಧ ದಿಕ್ಕಿಗೆ ಚಲಿಸುವಂತೆ ಮಾಡಿದರೆ ಎರಡೂ ಪೆಟ್ಟುಗಳು ಪರಸ್ಪರ ಕಳೆದುಹೋಗಬೇಕು. ನಿನ್ನೆ ಸಂಜೆ ಅಂಟಿಸಿದ್ದೇನೆ. ಕುಂಬಳೆಯಿಂದ ಈಚೆಗೆಲ್ಲ ಬಿಡದೆ ಸುರಿಯುವ ಈ ಮಳೆಯಲ್ಲಿ ಅಂಟು ಗಟ್ಟಿಯಾಗಲು ಇನ್ನೂ ಎರಡು ದಿನ ಬೇಕಾದೀತು.